ಕಡಲ ನಡುವಿನ ಹೆದ್ದಾರಿ

ದ್ವೀಪದಲ್ಲಿ ಹೆದ್ದಾರಿ ಎಂದೊಡನೆ ಕೇಳಿದವರಿಗೆ ಕೊಂಚ ವಿಚಿತ್ರವೆನಿಸುವುದು ಸಹಜ. ಸುತ್ತಲೂ ನೀರೇ ಇರುವ ನೆಲದಲ್ಲಿ ಹೆದ್ದಾರಿ ಹೊರಡುವುದೆಲ್ಲಿಂದ? ಹೋಗಿ ಮುಟ್ಟುವುದೆಲ್ಲಿಗೆ? ಆದರೂ ಬಂಗಾಳ ಕೊಲ್ಲಿಯಲ್ಲಿ, ಚೆನ್ನೈ ಕೋಲ್ಕತ್ತ ಎರಡರಿಂದಲೂ ಸರಿಸುಮಾರು 1,200 ಕಿಲೋಮೀಟರು ದೂರದಲ್ಲಿ, ಅಂಥದೊಂದು ಹೆದ್ದಾರಿಯುಂಟು. ದಕ್ಷಿಣ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ಹೊರಟು ಉತ್ತರ ಅಂಡಮಾನಿನ ದಿಗ್ಲಿಪುರವನ್ನು ಸೇರುವ ಈ ರಸ್ತೆಗೆ ಅಂಡಮಾನ್ ಟ್ರಂಕ್ ರೋಡ್ ಎಂದು ಹೆಸರು. ಅದರ ಉದ್ದ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ರಾಷ್ಟ್ರೀಯ ಹೆದ್ದಾರಿಗಳ ಹಳೆಯ ಪಟ್ಟಿಯಲ್ಲಿ ಅದರ ಸಂಖ್ಯೆ 223 ಎಂದಿದ್ದಿತು. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಅದಕ್ಕೆ 4ನೆಯ ಸಂಖ್ಯೆ ಬಂದಿತು. ಬೆಂಗಳೂರಿನಿಂದ ತುಮಕೂರು, ದಾವಣಗೆರೆ, ಹುಬ್ಬಳ್ಳಿಗಳ ಮೇಲೆ ಪುಣೆಗೆ ಹೋಗುವ ದಾರಿಯನ್ನು ಕನ್ನಡಿಗರು ಬಹುಕಾಲ ಕರೆಯುತ್ತಿದ್ದುದು ಈ ಸಂಖ್ಯೆಯಿಂದಲೇ. ಆ ಸಂಖ್ಯೆ ಈಗ ಕಡಲು ದಾಟಿ ಹೋಗಿ ದ್ವೀಪವಾಸಿಯಾಗಿದೆ.

ಹೆಸರಿಗೆ ಒಂದೇ ರಸ್ತೆಯಾದರೂ ಅದು ಹಾಯುವ ನೆಲ ಒಂದೇ ಅಲ್ಲ. ದಕ್ಷಿಣ ಅಂಡಮಾನ್, ಬಾರಾಟಾಂಗ್, ಮಧ್ಯ ಅಂಡಮಾನ್, ಉತ್ತರ ಅಂಡಮಾನ್ ಎಂಬ ನಾಲ್ಕು ದ್ವೀಪಗಳು ಒಂದರ ತಲೆಗೊಂದು ಸೇರಿಸಿಟ್ಟಂತೆ ಸಾಲಾಗಿ ನಿಂತಿವೆ. ನಡುವೆ ಮೂರು ಕಿರಿದಾದ ಜಲಸಂಧಿಗಳು. ರಸ್ತೆ ಈ ನಾಲ್ಕು ದ್ವೀಪಗಳನ್ನೂ ಮೂರು ಜಲಸಂಧಿಗಳನ್ನೂ ದಾಟಬೇಕು. ಇಷ್ಟೇ ಆಗಿದ್ದರೆ ಅದು ಎಂಜಿನಿಯರುಗಳ ಸಾಹಸದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಈ ರಸ್ತೆ ದಾಟಬೇಕಾದ ಇನ್ನೊಂದು ವಸ್ತುವಿದೆ. ಅದು ಒಂದು ಕಾಡು. ಆ ಕಾಡಿನಲ್ಲಿ ಒಡೆಯರಿದ್ದಾರೆ.

ನಸುಕಿನಲ್ಲಿ ನಿಂತ ಸಾಲು

ಉತ್ತರಕ್ಕೆ ಹೋಗುವವರು ಪೋರ್ಟ್ ಬ್ಲೇರನ್ನು ಬಿಡುವುದು ಕೋಳಿ ಕೂಗುವ ಮೊದಲೇ. ಈ ಪಟ್ಟಣಕ್ಕೆ 2024ರಲ್ಲಿ ಶ್ರೀ ವಿಜಯ ಪುರಂ ಎಂಬ ಹೊಸ ಹೆಸರು ಬಂದಿದೆಯಾದರೂ ಜನರ ಬಾಯಲ್ಲಿ ಹಳೆಯ ಹೆಸರು ಇನ್ನೂ ಉಳಿದಿದೆ. ಪಟ್ಟಣ ಹಿಂದಾದ ಮೇಲೆ ತೆಂಗು, ಅಡಕೆ, ಬಾಳೆಗಳ ತೋಟಗಳು; ನಡುನಡುವೆ ಭತ್ತದ ಗದ್ದೆಗಳು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ತಮ್ಮೂರಿನ ದಾರಿಯಲ್ಲಿಯೇ ಹೋಗುತ್ತಿರುವಂತೆ ಭಾಸವಾದರೆ ಆಶ್ಚರ್ಯವಿಲ್ಲ. ಫೆರಾರ್‌ಗಂಜ್ ದಾಟಿ ಇನ್ನಷ್ಟು ದೂರ ಹೋದರೆ ಜಿರ್ಕಾಟಾಂಗ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ರಸ್ತೆಗೆ ಅಡ್ಡಲಾಗಿ ಗೇಟು, ಪಕ್ಕದಲ್ಲಿ ಪೊಲೀಸರ ಠಾಣೆ.

ಬೆಳಗಿನ ಗೇಟು ತೆರೆಯುವುದಕ್ಕೆ ಬಹಳ ಮುಂಚೆಯೇ ಇಲ್ಲಿ ವಾಹನಗಳ ಸಾಲು ಬೆಳೆದಿರುತ್ತದೆ. ಸರ್ಕಾರಿ ಬಸ್ಸು, ತರಕಾರಿ ತರಲು ಹೊರಟ ಲಾರಿ, ಮದುವೆಗೆ ಹೊರಟ ಕುಟುಂಬದ ಜೀಪು, ಪ್ರವಾಸಿಗಳ ಬಿಳಿಯ ಕಾರುಗಳು, ಎಲ್ಲವೂ ದೀಪ ಆರಿಸಿ ನಿಂತಿರುತ್ತವೆ. ಚಹದ ಅಂಗಡಿಗಳಲ್ಲಿ ಮಾತ್ರ ಬೆಳಕು. ಪ್ರತಿಯೊಂದು ವಾಹನದಲ್ಲಿ ಯಾರು ಯಾರು ಇದ್ದಾರೆಂಬುದನ್ನು ಬರೆದುಕೊಟ್ಟು ಅನುಮತಿ ಪಡೆಯಬೇಕು. ಇಲ್ಲಿಂದ ಮುಂದೆ ಯಾರೂ ತಮಗೆ ತೋರಿದ ಹೊತ್ತಿಗೆ ಹೋಗುವಂತಿಲ್ಲ. ದಿನದಲ್ಲಿ ಗೊತ್ತುಮಾಡಿದ ಕೆಲವೇ ವೇಳೆಗಳಲ್ಲಿ, ಪೊಲೀಸರ ಬೆಂಗಾವಲಿನಲ್ಲಿ, ಎಲ್ಲ ವಾಹನಗಳೂ ಒಟ್ಟಾಗಿ ಸಾಗಬೇಕು. ಇರುಳಿನಲ್ಲಿ ಸಂಚಾರವೇ ನಿಷಿದ್ಧ.

ಗೇಟು ತೆರೆಯುವ ಮೊದಲು ಚಾಲಕರಿಗೂ ಪ್ರಯಾಣಿಕರಿಗೂ ನಿಯಮಗಳ ನೆನಪಾಗುತ್ತದೆ. ವೇಗ ಗಂಟೆಗೆ 40 ಕಿಲೋಮೀಟರು ಮೀರಬಾರದು. ಮುಂದಿನ ವಾಹನವನ್ನು ಹಿಂದೆ ಹಾಕಬಾರದು. ದಾರಿಯಲ್ಲಿ ನಿಲ್ಲಿಸಬಾರದು, ಇಳಿಯಬಾರದು. ಕ್ಯಾಮರಾ ಚೀಲದಿಂದ ಹೊರಗೆ ಬರಬಾರದು. ದಾರಿಯ ಬದಿಯಲ್ಲಿ ಯಾರೇ ಕಂಡರೂ ಅವರಿಗೆ ತಿನಿಸಾಗಲಿ ಬಟ್ಟೆಯಾಗಲಿ ಕೊಡಬಾರದು. ಕಾನೂನನ್ನು ಮೀರಿದವರಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುವ ಅವಕಾಶವನ್ನು 2012ರ ತಿದ್ದುಪಡಿ ಕಲ್ಪಿಸಿದೆ.

ಮುಂದಿನ ಸುಮಾರು ಐವತ್ತು ಕಿಲೋಮೀಟರು ದಾರಿ ದಟ್ಟವಾದ ಕಾಡು. ವರ್ಷಕ್ಕೆ ಎರಡು ಮಳೆಗಾಲಗಳನ್ನು ಕಾಣುವ, ಸರಾಸರಿ 3,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ನೆಲದಲ್ಲಿ ಗರ್ಜನ್, ಪಡೌಕ್ ಮರಗಳು ಆಕಾಶಕ್ಕೆ ಕಂಬ ಕೊಟ್ಟಂತೆ ನೇರವಾಗಿ ಬೆಳೆದು ನಿಂತಿವೆ. ಬುಡದಲ್ಲಿ ಬೆತ್ತ, ಬಿದಿರು, ಬಳ್ಳಿಗಳ ಹೆಣಿಗೆ. ಹಗಲಿನಲ್ಲಿಯೂ ರಸ್ತೆಯ ಮೇಲೆ ತೇವದ ನೆರಳು. ಬಸ್ಸಿನೊಳಗಿನ ಮಾತು ತಾನಾಗಿ ತಗ್ಗುತ್ತದೆ. ಊರಿಲ್ಲ, ಅಂಗಡಿಯಿಲ್ಲ, ಕೈಕಂಬವಿಲ್ಲ. ಈ ಕಾಡು ಜಾರವಾ ಜನರ ಮೀಸಲು ಪ್ರದೇಶ.

ಕಾಡಿನ ಒಡೆಯರು

ಜಾರವಾ ಎಂಬುದು ಅವರು ತಮಗೆ ಇಟ್ಟುಕೊಂಡ ಹೆಸರಲ್ಲ. ಅದು ನೆರೆಯ ಮಹಾ ಅಂಡಮಾನಿ ಜನರ ಮಾತು. 'ಬೇರೆಯವರು', 'ಅಪರಿಚಿತರು' ಎಂದು ಅದರ ಅರ್ಥ. ಅವರು ತಮ್ಮನ್ನು ಕರೆದುಕೊಳ್ಳುವುದು 'ಅಂಗ್' ಎಂದು. ಹಂದಿಯ ಬೇಟೆ, ಮೀನು, ಜೇನು, ಗೆಡ್ಡೆ, ಹಣ್ಣು ಇವುಗಳೇ ಅವರ ಜೀವನ. ಉಳುಮೆಯನ್ನು ಅವರು ಕಲಿಯಲಿಲ್ಲ. ಆ ಕಾಡಿನಲ್ಲಿ ಅದರ ಅಗತ್ಯವೂ ಅವರಿಗೆ ಬೀಳಲಿಲ್ಲ. ಕೈಯಲ್ಲಿ ಬಿಲ್ಲುಬಾಣ, ಎದೆಗೆ ಮರದ ತೊಗಟೆಯ ಕವಚ. 2001ರ ಜನಗಣತಿಯಲ್ಲಿ ಅವರ ಸಂಖ್ಯೆ 240, 2011ರಲ್ಲಿ 380. ಅವರಿಗೆ ಮೀಸಲಾದ ಕಾಡಿನ ವಿಸ್ತೀರ್ಣ 1,028 ಚದರ ಕಿಲೋಮೀಟರು.

ಹೊರಗಿನವರನ್ನು ಅವರು ಏಕೆ ದೂರವಿಟ್ಟರು ಎಂಬುದಕ್ಕೆ ಉತ್ತರ ಬೇಕಾದವರು ಅವರ ನೆರೆಯವರ ಕಥೆಯನ್ನು ಕೇಳಬೇಕು. 1857ರ ದಂಗೆಯ ಬಂದಿಗಳನ್ನಿರಿಸಲು ಬ್ರಿಟಿಷರು 1858ರಲ್ಲಿ ಪೋರ್ಟ್ ಬ್ಲೇರಿನಲ್ಲಿ ಸೆರೆವಸತಿಯನ್ನು ತೆರೆದಾಗ, ಮಹಾ ಅಂಡಮಾನಿ ಜನ ಕೆಲವು ಸಾವಿರ ಮಂದಿ ಇದ್ದರು. ಮರುವರ್ಷವೇ ಅವರು ಬಿಲ್ಲುಬಾಣ ಹಿಡಿದು ಆ ನೆಲೆಯ ಮೇಲೆ ಏರಿಬಂದು ಸೋತರು. ಆ ಬಳಿಕ ಅವರಲ್ಲಿ ಹಲವರು ಬಿಳಿಯರ ಸ್ನೇಹಕ್ಕೆ ಒಗ್ಗಿದರು. ಸ್ನೇಹದ ಜೊತೆಯಲ್ಲಿ ತಂಬಾಕು ಬಂದಿತು, ಮದ್ಯ ಬಂದಿತು, ಅವರ ಮೈ ಎಂದೂ ಅರಿಯದಿದ್ದ ರೋಗಗಳು ಬಂದವು. 1877ರಲ್ಲಿ ಹಬ್ಬಿದ ದಡಾರವೊಂದೇ ಗುಂಪುಗುಂಪಾಗಿ ಜನರನ್ನು ಒಯ್ದಿತು. ಇಂದು ಆ ಜನಾಂಗದಲ್ಲಿ ಉಳಿದವರು ಐವತ್ತರ ಆಸುಪಾಸು. ಜಾರವಾ ಜನ ಸ್ನೇಹಕ್ಕೆ ಒಗ್ಗಲಿಲ್ಲ. ಕಾಡಿನೊಳಕ್ಕೆ ಸರಿದರು, ಬಂದವರ ಮೇಲೆ ಬಾಣ ಬಿಟ್ಟರು. ಅವರು ಕ್ರೂರಿಗಳೆಂಬ ಹೆಸರು ಹೊತ್ತರು, ಉಳಿದುಕೊಂಡರು.

ಸ್ವತಂತ್ರ ಭಾರತದ ಸರ್ಕಾರ ಈ ಮಾತನ್ನು ಅರಿಯದೆ ಇರಲಿಲ್ಲ. 1956ರಲ್ಲಿ ಮೂಲನಿವಾಸಿಗಳ ರಕ್ಷಣೆಗಾಗಿಯೇ ಒಂದು ಕಾನೂನು ಹೊರಟಿತು; ಮರುವರ್ಷ ಜಾರವಾ ಮೀಸಲು ಪ್ರದೇಶ ಏರ್ಪಟ್ಟಿತು. ಅಪ್ಪಣೆಯಿಲ್ಲದೆ ಯಾರೂ ಒಳಗೆ ಕಾಲಿಡಬಾರದೆಂದು ವಿಧಿಸಲಾಯಿತು. ಆದರೆ ಒಂದು ದಶಕ ಕಳೆಯುವುದರೊಳಗೆ ಅದೇ ಕಾಡನ್ನು ಸೀಳಿ ರಸ್ತೆ ಹಾಯಿಸುವ ನಿರ್ಧಾರವೂ ರೂಪುಗೊಂಡಿತು.

ಕೊಡಲಿಯೂ ಬಾಣವೂ

ಆ ನಿರ್ಧಾರಕ್ಕೆ ಕಾರಣವಿಲ್ಲದಿರಲಿಲ್ಲ. ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡ ಕುಟುಂಬಗಳ ಮೊದಲ ತಂಡ 1949ರಲ್ಲಿ ಅಂಡಮಾನಿಗೆ ಬಂದಿಳಿಯಿತು. ಮುಂದಿನ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ಬಂದವು. ಮಧ್ಯ ಅಂಡಮಾನಿನಲ್ಲಿಯೂ ಉತ್ತರ ಅಂಡಮಾನಿನಲ್ಲಿಯೂ ಅವರಿಗೆ ಕಾಡು ಕಡಿದು ಭೂಮಿ ಹಂಚಲಾಯಿತು. ಪದ್ಮಾ ಮೇಘನಾ ನದಿಗಳ ಬಯಲಿನಲ್ಲಿ ಉತ್ತು ಬಿತ್ತಿದ ಕೈಗಳು ಇಲ್ಲಿ ಬೃಹತ್ ಮರಗಳ ಬೇರು ಕೀಳಬೇಕಾಯಿತು. ಮರ ಕಡಿಯುವ ಕೆಲಸಕ್ಕೆಂದು ಛೋಟಾ ನಾಗಪುರದಿಂದ ಬಂದ ಕೂಲಿಗಳಿದ್ದರು. ಮಾಯಾಬಂದರಿನ ಬಳಿ 1925ರಲ್ಲಿಯೇ ಬರ್ಮಾದಿಂದ ಬಂದು ನೆಲೆಸಿದ ಕರೆನ್ ಜನರಿದ್ದರು.

ಇವರೆಲ್ಲರಿಗೂ ಹೊರಲೋಕವೆಂದರೆ ಹಡಗು. ಅಕ್ಕಿ, ಸೀಮೆಎಣ್ಣೆ, ಔಷಧಿ, ಕಾಗದಪತ್ರ ಎಲ್ಲವೂ ಹಡಗಿನಲ್ಲಿಯೇ ಬರಬೇಕು. ಮಳೆಗಾಲದಲ್ಲಿ ಕಡಲು ಕೆರಳಿದರೆ ಹಡಗಿಲ್ಲ. ಹೆರಿಗೆ ಕಷ್ಟವಾದ ಹೆಂಗಸಿಗೂ ಹಾವು ಕಡಿದ ಹುಡುಗನಿಗೂ ಕಡಲು ತಣಿಯುವವರೆಗೆ ಕಾಯುವ ವ್ಯವಧಾನವಿರುವುದಿಲ್ಲ. ರಸ್ತೆ ಬೇಕೆಂದು ಅವರು ಬಯಸಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಮರದ ದಿಮ್ಮಿಗಳನ್ನು ಸಾಗಿಸಬೇಕೆಂಬ ಹವಣಿಕೆಯೂ, ಗಡಿಯ ದ್ವೀಪಗಳನ್ನು ಒಂದಾಗಿ ಬೆಸೆಯಬೇಕೆಂಬ ಸರ್ಕಾರದ ಎಣಿಕೆಯೂ ಅದಕ್ಕೆ ಜೊತೆಗೂಡಿದವು.

1970ರ ದಶಕದಲ್ಲಿ ಕೆಲಸ ಬಿರುಸಿನಿಂದ ಸಾಗಿತು. ಜಾರವಾ ಜನರಿಗೆ ಇದು ತಮ್ಮ ಮನೆಯ ಗೋಡೆ ಒಡೆದು ನಡುಮನೆಯಲ್ಲಿ ದಾರಿ ತೆಗೆದಂತೆ. ಅವರು ಬಾಣ ಬಿಟ್ಟರು. ಹಲವು ಕೂಲಿಗಳು ಜೀವ ತೆತ್ತರು. ಕೂಲಿಗಳ ಕಾವಲಿಗೆ ಬಂದೂಕು ಹಿಡಿದ 'ಬುಷ್ ಪೊಲೀಸ್' ಪಡೆ ನಿಂತಿತು. ಕೆಲಸ ಆಗಾಗ ನಿಂತು ಮತ್ತೆ ಹೊರಟಿತು. 1980ರ ದಶಕ ಮುಗಿಯುವ ಹೊತ್ತಿಗೆ ರಸ್ತೆ ಪೂರ್ಣವಾಯಿತು.

ಇದೇ ಕಾಲದಲ್ಲಿ ಇನ್ನೊಂದು ದೃಶ್ಯವೂ ನಡೆಯುತ್ತಿದ್ದುದನ್ನು ಇತಿಹಾಸ ಗುರುತಿಸಿಟ್ಟಿದೆ. 1974ರಲ್ಲಿ ಸರ್ಕಾರದ ತಂಡವೊಂದು ಮೊದಲ ಬಾರಿಗೆ ಜಾರವಾ ಜನರ ಸ್ನೇಹವನ್ನು ಗಳಿಸಿತು. ಅಲ್ಲಿಂದ ಮುಂದೆ ಅಧಿಕಾರಿಗಳೂ ಮಾನವಶಾಸ್ತ್ರಜ್ಞರೂ ಆಗಾಗ ದೋಣಿಯಲ್ಲಿ ಪಶ್ಚಿಮ ತೀರಕ್ಕೆ ಹೋಗಿ ತೆಂಗಿನಕಾಯಿ, ಬಾಳೆಹಣ್ಣು, ಕೆಂಪು ಬಟ್ಟೆಗಳನ್ನು ಕಾಣಿಕೆಯಾಗಿ ಕೊಟ್ಟು ಬರುತ್ತಿದ್ದರು. ಪಶ್ಚಿಮದ ಮರಳಿನ ಮೇಲೆ ಕಾಣಿಕೆ, ಪೂರ್ವದ ಕಾಡಿನಲ್ಲಿ ಕೊಡಲಿ. ಎರಡೂ ಒಂದೇ ಆಡಳಿತದ ಕೈಗಳಿಂದ ನಡೆದವು.

ಬಾಣ ಕೆಳಗಿಟ್ಟ ಮೇಲೆ

1996ರಲ್ಲಿ ಮಧ್ಯ ಅಂಡಮಾನಿನ ಕದಂತಲಾ ಎಂಬ ಊರಿನ ಬಳಿ ಕಾಲು ಮುರಿದುಕೊಂಡ ಜಾರವಾ ತರುಣನೊಬ್ಬ ಊರವರಿಗೆ ಸಿಕ್ಕಿದನು. ಅವನನ್ನು ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಸಾಗಿಸಿ ತಿಂಗಳುಗಟ್ಟಲೆ ಚಿಕಿತ್ಸೆ ಮಾಡಿ, ಗುಣವಾದ ಮೇಲೆ ಕಾಡಿಗೆ ಕಳಿಸಿಕೊಡಲಾಯಿತು. ಅವನು ತನ್ನವರಿಗೆ ಏನು ಹೇಳಿದನೋ ಅದು ಅವರ ಭಾಷೆಯಲ್ಲಿಯೇ ಉಳಿದಿದೆ. ಮರುವರ್ಷ, 1997ರ ಅಕ್ಟೋಬರಿನಲ್ಲಿ, ಜಾರವಾ ಜನ ಹಾಡಹಗಲಿನಲ್ಲಿ ಬಿಲ್ಲುಬಾಣವಿಲ್ಲದೆ ಕಾಡಿನಿಂದ ಹೊರಗೆ ಬಂದರು. ಒಂದೂವರೆ ಶತಮಾನದ ವೈರ ಹೀಗೆ ಗುಂಡಿನ ಸದ್ದಿಲ್ಲದೆ ಮುಗಿಯಿತು.

ದಾರಿಹೋಕರಿಗೆ ಇನ್ನು ಬಾಣದ ಭಯವಿಲ್ಲ. ಆದರೆ ಜಾರವಾ ಜನರ ಪಾಲಿಗೆ ರಸ್ತೆ ನಿಜವಾಗಿ ಅಪಾಯಕಾರಿಯಾದದ್ದು ಆಗಿನಿಂದಲೇ. ಬಾಣ ಇದ್ದಷ್ಟು ದಿನ ರಸ್ತೆಯ ಆಚೆ ಈಚೆ ಒಂದು ಬೇಲಿಯಿದ್ದಿತು. ಈಗ ಬೇಲಿ ಹೋಯಿತು. 1999ರಲ್ಲಿ ಅವರಲ್ಲಿ ದಡಾರ ಕಾಣಿಸಿಕೊಂಡು, ಅನೇಕರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. 1877ರ ಕಥೆಯನ್ನು ಬಲ್ಲವರ ಎದೆ ಅಂದು ನಡುಗಿತು. ವೈದ್ಯರ ಆರೈಕೆಯಿಂದ ಅಂಥ ಅನಾಹುತವಾಗದೆ ಆ ಗಂಡಾಂತರ ಕಳೆಯಿತೆಂಬುದೇ ಸಮಾಧಾನ.

ರೋಗಕ್ಕಿಂತ ನಿಧಾನವಾಗಿ ಕೊರೆಯುವ ಬೇರೆ ಸಂಗತಿಗಳೂ ರಸ್ತೆಯ ಮೇಲೆಯೇ ಬಂದವು. ಬಾರಾಟಾಂಗ್ ದ್ವೀಪದಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ, ಕೆಸರು ಉಕ್ಕುವ ಪುಟ್ಟ ಜ್ವಾಲಾಮುಖಿಗಳಿವೆ. ಅವನ್ನು ನೋಡಲು ಪೋರ್ಟ್ ಬ್ಲೇರಿನಿಂದ ಬೆಳಗ್ಗೆ ಹೊರಟು ಸಂಜೆಗೆ ಹಿಂದಿರುಗುವ ಪ್ರವಾಸ ಜನಪ್ರಿಯವಾಯಿತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಜಾರವಾ ಕಾಡನ್ನು ಹಾಯಲೇಬೇಕು. ಗುಹೆಗಳನ್ನು ನೋಡುವ ನೆಪದಲ್ಲಿ ಮನುಷ್ಯರನ್ನು ನೋಡುವ ಆಸೆ ಹಲವರಲ್ಲಿ ಹುಟ್ಟಿತು. ಕಿಟಕಿಯಿಂದ ಬಿಸ್ಕತ್ತು ಎಸೆದರು, ಬಾಳೆಹಣ್ಣು ಎಸೆದರು. ತಂಬಾಕು, ಗುಟ್ಕಾಗಳೂ ಕೈಬದಲಾದವು. ಬೇಟೆಯಾಡಿ ಉಣ್ಣುತ್ತಿದ್ದವರ ಮಕ್ಕಳು ರಸ್ತೆಯ ಬದಿಯಲ್ಲಿ ಕೈಯೊಡ್ಡಿ ನಿಲ್ಲುವುದನ್ನು ಕಲಿತರು. ಮೃಗಾಲಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೂ ಫಲಕಗಳಿರುತ್ತವೆ; ಇಲ್ಲಿ ಎದುರಿಗಿದ್ದವರು ಮನುಷ್ಯರೆಂಬುದೇ ಕೆಲವರಿಗೆ ಮರೆತಂತಿತ್ತು. 2012ರ ಜನವರಿಯಲ್ಲಿ, ತಿನಿಸಿನ ಆಸೆ ತೋರಿಸಿ ಜಾರವಾ ಹೆಂಗಸರನ್ನು ಕುಣಿಸಿದ ಚಲನಚಿತ್ರವೊಂದನ್ನು ಇಂಗ್ಲೆಂಡಿನ ಪತ್ರಿಕೆ ಬಯಲಿಗೆ ತಂದಾಗ ದೇಶವೇ ತಲೆ ತಗ್ಗಿಸುವಂತಾಯಿತು. ಮೇಲೆ ಹೇಳಿದ ಕಠಿಣ ಶಿಕ್ಷೆಯ ತಿದ್ದುಪಡಿ ಬಂದುದು ಆ ವರ್ಷವೇ.

ನ್ಯಾಯಾಲಯದ ಮಾತು

ಇಷ್ಟಕ್ಕೂ ಈ ಕಾಡಿನ ರಸ್ತೆ ತೆರೆದಿರಬೇಕೇ ಎಂಬ ಪ್ರಶ್ನೆಗೆ ದೇಶದ ಅತ್ಯುಚ್ಚ ನ್ಯಾಯಾಲಯ 2002ರಲ್ಲಿಯೇ ಉತ್ತರ ಕೊಟ್ಟಿತ್ತು. ಅಂಡಮಾನಿನ ಕಾಡುಗಳ ನಾಶವನ್ನು ಕುರಿತು ಪರಿಸರ ಸಂಸ್ಥೆಗಳು ತಂದ ಅಹವಾಲಿನ ವಿಚಾರಣೆಯಲ್ಲಿ ನ್ಯಾಯಾಲಯ ಶೇಖರ್ ಸಿಂಗ್ ಅವರನ್ನು ಆಯುಕ್ತರನ್ನಾಗಿ ನೇಮಿಸಿತು. ಅವರು ದ್ವೀಪಗಳನ್ನು ಸುತ್ತಿ ವರದಿ ಒಪ್ಪಿಸಿದರು. ಅದನ್ನು ಆಧರಿಸಿ ಆ ವರ್ಷದ ಮೇ 7ರಂದು ಹೊರಟ ಆಜ್ಞೆಯಲ್ಲಿ, ಜಾರವಾ ಮೀಸಲು ಪ್ರದೇಶದಲ್ಲಿ ಹಾಯುವ ಭಾಗಗಳಲ್ಲಿ ರಸ್ತೆಯನ್ನು ಮುಚ್ಚಬೇಕೆಂದು ಸ್ಪಷ್ಟವಾಗಿ ಹೇಳಲಾಗಿತ್ತು. ಅದಕ್ಕೆ ಕೊಟ್ಟ ಗಡುವು ಮೂರು ತಿಂಗಳು.

ಆ ಮೂರು ತಿಂಗಳು ಕಳೆದು ಎರಡು ದಶಕಗಳೇ ಸಂದಿವೆ. ರಸ್ತೆ ಮುಚ್ಚಲಿಲ್ಲ. ಉತ್ತರದ ದ್ವೀಪಗಳ ಜನಕ್ಕೆ ಇದೊಂದೇ ಜೀವನಾಡಿ ಎಂಬುದು ಆಡಳಿತದ ವಾದ. 2004ರಲ್ಲಿ ಜಾರವಾ ಜನರ ಬಗೆಗೆ ಒಂದು ನೀತಿ ಪ್ರಕಟವಾಯಿತು. ಅವರ ಬದುಕಿನಲ್ಲಿ ಕೈಹಾಕುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದೆಂಬ ವಿವೇಕದ ಮಾತು ಅದರಲ್ಲಿದೆ. 2007ರಲ್ಲಿ ಮೀಸಲು ಪ್ರದೇಶದ ಸುತ್ತ ಐದು ಕಿಲೋಮೀಟರಿನ ರಕ್ಷಣಾ ವಲಯವನ್ನು ಘೋಷಿಸಲಾಯಿತು. 2013ರ ಜನವರಿಯಲ್ಲಿ ನ್ಯಾಯಾಲಯ ಪ್ರವಾಸಿಗಳಿಗೆ ಈ ದಾರಿಯನ್ನು ನಿಷೇಧಿಸಿತು. ಕೆಲವು ವಾರಗಳ ಕಾಲ ರಸ್ತೆ ಬಹುಮಟ್ಟಿಗೆ ಸ್ಥಳೀಯರಿಗೆ ಮಾತ್ರ ಉಳಿಯಿತು. ಆಡಳಿತ ರಕ್ಷಣಾ ವಲಯದ ನಿಯಮಗಳನ್ನು ಬದಲಿಸಿತು. ಮಾರ್ಚ್ ತಿಂಗಳಲ್ಲಿ ನಿಷೇಧ ತೆರವಾಯಿತು. ಪ್ರವಾಸಿಗಳ ಕಾರುಗಳು ಮತ್ತೆ ಜಿರ್ಕಾಟಾಂಗಿನಲ್ಲಿ ಸಾಲುಗಟ್ಟಿದವು.

ನೀರು ದಾಟಿ ಉತ್ತರಕ್ಕೆ

ಕಾಡು ಮುಗಿದೊಡನೆ ರಸ್ತೆ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ. ಇದು ಮಿಡ್ಲ್ ಸ್ಟ್ರೇಟ್ ಎಂಬ ಜಲಸಂಧಿ. ಹೆದ್ದಾರಿಯ ಬಸ್ಸು ಲಾರಿಗಳೂ ಪ್ರಯಾಣಿಕರೂ ಇಲ್ಲಿ ಫೆರಿ ಹಡಗನ್ನೇರಿ ಬಾರಾಟಾಂಗ್ ದ್ವೀಪಕ್ಕೆ ದಾಟುವುದು ಬಹುಕಾಲದ ಪದ್ಧತಿ. ಎರಡು ದಡಗಳಲ್ಲಿಯೂ ನೀರಿಗೆ ಬೇರಿಳಿಸಿ ನಿಂತ ಕಾಂಡ್ಲಾ ಕಾಡು. ಅದರ ಕೆಸರಿನಲ್ಲಿ ಮೊಸಳೆಗಳ ವಾಸ.

ಬಾರಾಟಾಂಗಿನ ಉತ್ತರಕ್ಕಿರುವ ಹಂಫ್ರೀ ಜಲಸಂಧಿಯಲ್ಲಿಯೂ ಹಿಂದೆ ಫೆರಿಯೇ ಗತಿಯಾಗಿತ್ತು. 2020ರಲ್ಲಿ ಅಲ್ಲಿ 1.45 ಕಿಲೋಮೀಟರು ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಆಜಾದ್ ಹಿಂದ್ ಫೌಜ್ ಸೇತು ಎಂದು ಅದಕ್ಕೆ ಹೆಸರು. 1943ರ ಕೊನೆಯಲ್ಲಿ ಪೋರ್ಟ್ ಬ್ಲೇರಿಗೆ ಬಂದು ಧ್ವಜವೇರಿಸಿದ ನೇತಾಜಿ ಸುಭಾಷರ ನೆನಪು ಆ ಹೆಸರಿನಲ್ಲಿದೆ. ಸೇತುವೆ ದಾಟಿದ ಮೇಲೂ ಕದಂತಲಾದವರೆಗೆ ರಸ್ತೆ ಜಾರವಾ ಕಾಡನ್ನು ಸವರಿಕೊಂಡೇ ಹೋಗುತ್ತದೆ. ಅನಂತರ ಊರುಗಳು ಬರುತ್ತವೆ. ಬಿದಿರಿನ ಬೇಲಿ, ಮನೆಯ ಮುಂದೆ ಕೊಳ, ಕೊಳದಲ್ಲಿ ಮೀನು, ತುಳಸಿಯ ಕಟ್ಟೆ. ಬಂಗಾಳದ ಹಳ್ಳಿಯೊಂದನ್ನು ಬೇರುಸಹಿತ ಕಿತ್ತು ತಂದು ನೆಟ್ಟಂತೆ ಕಾಣುವ ನೋಟ.

ರಂಗತ್ ಪಟ್ಟಣ ಕಳೆದು ಇನ್ನೂ ಉತ್ತರಕ್ಕೆ ಹೋದರೆ, ಮಧ್ಯ ಅಂಡಮಾನನ್ನು ಉತ್ತರ ಅಂಡಮಾನಿಗೆ ಜೋಡಿಸುವ ಆಸ್ಟಿನ್ ಜಲಸಂಧಿಯ ಮೇಲೆ ಚೆಂಗಪ್ಪ ಸೇತುವೆ ಸಿಗುತ್ತದೆ. ಹೆಸರು ಕೇಳಿದೊಡನೆ ಕನ್ನಡಿಗರಿಗೆ ಕೊಡಗಿನ ನೆನಪಾಗದಿರದು. ಅಂಡಮಾನಿನ ಅರಣ್ಯ ಇಲಾಖೆಯಲ್ಲಿ ಬಿ. ಎಸ್. ಚೆಂಗಪ್ಪ ಎಂಬ ಅಧಿಕಾರಿಯಿದ್ದರು. ದೊಡ್ಡ ಮರಗಳ ಮೇಲ್ಛಾವಣಿಯನ್ನು ಹಂತಹಂತವಾಗಿ ತೆರವು ಮಾಡಿ, ಕೆಳಗಿನ ಎಳೆಯ ಸಸಿಗಳು ತಾವಾಗಿ ಮೇಲೇಳುವಂತೆ ಮಾಡುವ ಪದ್ಧತಿಯೊಂದನ್ನು ಅವರು ಅಲ್ಲಿ ರೂಢಿಗೆ ತಂದರು. ಕಡಿದ ಕಾಡು ಮತ್ತೆ ಕಾಡಾಗಬೇಕೆಂಬ ಕಾಳಜಿಯಿಂದ ಹುಟ್ಟಿದ ಪದ್ಧತಿ ಅದು.

ಈ ಸೇತುವೆ ಕಟ್ಟಿ ಎರಡು ವರ್ಷವಾಗಿತ್ತಷ್ಟೆ. 2004ರ ಡಿಸೆಂಬರ್ 26ರ ಬೆಳಗ್ಗೆ ಸುಮಾತ್ರದ ಬಳಿ ಕಡಲಡಿಯಲ್ಲಿ ಹುಟ್ಟಿದ ಮಹಾಭೂಕಂಪ ಅಂಡಮಾನನ್ನು ಅಲುಗಿಸಿದಾಗ ಸೇತುವೆಯ ನಡುವಿನ ಅಂಕಣಗಳು ತಮ್ಮ ಆಸರೆಗಳಿಂದ ಜಾರಿ ಪಕ್ಕಕ್ಕೆ ಸರಿದವು. ಉತ್ತರ ಅಂಡಮಾನಿನ ನೆಲ ಮೇಲೆದ್ದು ಹವಳದ ದಿಬ್ಬಗಳು ಬಿಸಿಲಿಗೆ ಬಿದ್ದವು. ದಕ್ಷಿಣದಲ್ಲಿ ನೆಲ ಕುಸಿದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಇಂಥ ನೆಲದಲ್ಲಿ ರಸ್ತೆಯನ್ನು ಕಾಯ್ದುಕೊಳ್ಳುವುದು ಒಮ್ಮೆ ಕಟ್ಟಿ ಮುಗಿಸುವ ಕೆಲಸವಲ್ಲ. ಮಳೆ ವರ್ಷವರ್ಷವೂ ಗುಡ್ಡವನ್ನು ರಸ್ತೆಗೆ ಇಳಿಸುತ್ತದೆ, ಡಾಂಬರನ್ನು ಕಿತ್ತೊಯ್ಯುತ್ತದೆ.

ಎರಡು ಜನ, ಒಂದು ದಾರಿ

ಉತ್ತರ ಮತ್ತು ಮಧ್ಯ ಅಂಡಮಾನ್ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಒಂದು ಕಡೆ ಈ ಲಕ್ಷ, ಇನ್ನೊಂದು ಕಡೆ ನಾನೂರು. ತಕ್ಕಡಿಯಲ್ಲಿಟ್ಟು ತೂಗಿದರೆ ಯಾವ ತಟ್ಟೆ ಕೆಳಗಿಳಿಯುವುದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಇದು ತಲೆಯೆಣಿಕೆಯಿಂದ ತೀರುವ ಲೆಕ್ಕವಲ್ಲ. ಲಕ್ಷ ಜನರು ಕಳೆದುಕೊಳ್ಳಬಹುದಾದದ್ದು ಕೆಲವು ಗಂಟೆಗಳ ಅನುಕೂಲ. ನಾನೂರು ಜನ ಕಳೆದುಕೊಳ್ಳಬಹುದಾದದ್ದು ಒಂದು ಭಾಷೆ, ಒಂದು ಬಾಳುವೆ, ಬಹುಶಃ ತಮ್ಮ ಇರವನ್ನೇ.

ಹಾಗೆಂದು ವಲಸಿಗರನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸುವುದೂ ನ್ಯಾಯವಾಗದು. ಅವರೂ ಒಮ್ಮೆ ನೆಲ ಕಳೆದುಕೊಂಡವರೇ; ಸರ್ಕಾರ ತೋರಿಸಿದ ಕಡೆಗೆ ಬಂದು ಬೆವರು ಸುರಿಸಿದವರು. ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವ ಮನುಷ್ಯನಿಗೆ ರಸ್ತೆ ಮುಚ್ಚಿದೆ ಎಂದು ಹೇಳುವಷ್ಟು ಕಠೋರರು ಯಾರೂ ಇಲ್ಲ. ಬಿಡಿಸಬೇಕಾದ ಗಂಟು ಬೇರೆ ಕಡೆ ಇದೆ. ಆ ಗೇಟಿನಲ್ಲಿ ನಿಂತ ವಾಹನಗಳಲ್ಲಿ ರೋಗಿಯನ್ನು ಹೊತ್ತದ್ದು ಯಾವುದು, ತರಕಾರಿ ಹೊತ್ತದ್ದು ಯಾವುದು, ಕೇವಲ ಕುತೂಹಲವನ್ನು ಹೊತ್ತದ್ದು ಯಾವುದು ಎಂಬುದನ್ನು ಬೇರೆ ಮಾಡಿ ನೋಡುವುದು ಅಸಾಧ್ಯವಲ್ಲ. 2013ರ ಆ ಕೆಲವು ವಾರಗಳು ಅದನ್ನು ತೋರಿಸಿಕೊಟ್ಟವು. ಪ್ರವಾಸಿಗಳಿಲ್ಲದೆಯೂ ಬಸ್ಸು ಓಡಿತು, ಅಕ್ಕಿ ಉತ್ತರಕ್ಕೆ ಹೋಯಿತು.

ಪ್ರವಾಸಿಗಳಿಗೆ ಕಡಲಿದೆ. ರಂಗತ್, ಮಾಯಾಬಂದರು, ದಿಗ್ಲಿಪುರಗಳಿಗೆ ರಸ್ತೆಗಿಂತ ಮೊದಲೇ ಹಡಗಿನ ದಾರಿಯಿದ್ದಿತು. ಬಾರಾಟಾಂಗಿಗೂ 2017ರಲ್ಲಿ ಆಡಳಿತ ಸಮುದ್ರಮಾರ್ಗವನ್ನು ತೆರೆಯಿತು. ಹಡಗು ನಿಧಾನ, ಮಳೆಗಾಲದಲ್ಲಿ ಅದನ್ನು ನಂಬಲಾಗದು ಎಂಬ ದೂರು ಸುಳ್ಳಲ್ಲ. ಆದರೆ ರಸ್ತೆಗೂ ಸೇತುವೆಗೂ ಸುರಿದ ಹಣದ ಒಂದು ಪಾಲು ಒಳ್ಳೆಯ ಹಡಗುಗಳಿಗೂ ಗಟ್ಟಿಯಾದ ಧಕ್ಕೆಗಳಿಗೂ ಸಂದರೆ ಆ ದೂರು ಬಹುಪಾಲು ತೀರೀತು. ಹೊಸ ಸೇತುವೆ ಎದ್ದಾಗಲೆಲ್ಲ ದಾರಿ ಹತ್ತಿರವಾಗುತ್ತದೆ. ದಾರಿ ಹತ್ತಿರವಾದಂತೆ ವಾಹನ ಹೆಚ್ಚುತ್ತದೆ. ಹೆಚ್ಚಿದ ವಾಹನವೆಲ್ಲ ಜಿರ್ಕಾಟಾಂಗಿನ ಗೇಟಿನಿಂದಲೇ ಒಳಗೆ ನುಗ್ಗಬೇಕು. ಸೇತುವೆಗಳ ಉದ್ಘಾಟನೆಯ ಸಂಭ್ರಮದಲ್ಲಿ ಈ ಸರಳ ಲೆಕ್ಕ ಮರೆತುಹೋಗುವಂತಿಲ್ಲ.

ಅಂಡಮಾನಿಗೆ ರಜೆಯಲ್ಲಿ ಹೋಗುವ ಕುಟುಂಬಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಕರ್ನಾಟಕದಿಂದ ಹೋಗುವವರೂ ಕಡಿಮೆಯೇನಿಲ್ಲ. ಸೆಲ್ಯುಲರ್ ಜೈಲಿನ ಕೋಣೆಗಳನ್ನು ಕಂಡು ಕಣ್ಣೀರು ಮಿಡಿದವರು ಮರುದಿನ ನಸುಕಿನಲ್ಲಿ ಬಾರಾಟಾಂಗಿನ ಕಾರು ಹತ್ತುವ ಮುನ್ನ ಒಂದು ಗಳಿಗೆ ಯೋಚಿಸಬಹುದು. ಗುಹೆಗಳನ್ನು ನೋಡಲೇಬೇಕೆಂದಿದ್ದರೆ ಕಡಲಿನ ದಾರಿಯನ್ನು ವಿಚಾರಿಸಬಹುದು. ರಸ್ತೆಯಲ್ಲಿಯೇ ಹೋಗಬೇಕಾಗಿ ಬಂದರೆ, ಕಾಡಿನ ಅಂಚಿನಲ್ಲಿ ಕಂಡ ತಾಯಿ ಮಗುವನ್ನು ನೋಡಿ ಮಕ್ಕಳಿಗೆ ಬೆರಳು ಮಾಡಿ ತೋರಿಸದೆ ಇರಬಹುದು. ಪರರ ಅಂಗಳದಲ್ಲಿ ಹಾದುಹೋಗುವಾಗ ತಲೆ ತಗ್ಗಿಸಿ ಬೇಗ ಬೇಗ ನಡೆಯುವುದು ಮರ್ಯಾದಸ್ಥರ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು.

ಹೆದ್ದಾರಿ ಕೊನೆಗೆ ದಿಗ್ಲಿಪುರವನ್ನು ಮುಟ್ಟುತ್ತದೆ. ಅಂಡಮಾನಿನ ಅತ್ಯುನ್ನತ ಶಿಖರವಾದ ಸ್ಯಾಡಲ್ ಪೀಕ್, ಸುಮಾರು 732 ಮೀಟರು ಎತ್ತರ, ಅಲ್ಲಿಗೆ ಸಮೀಪದಲ್ಲಿಯೇ ಮೋಡ ಹೊದೆದು ನಿಂತಿದೆ. ಅದರ ಸುತ್ತಲಿನ ಬಯಲಿನಲ್ಲಿ ಭತ್ತ, ಕಿತ್ತಳೆ, ತೆಂಗು. ಇನ್ನು ಸ್ವಲ್ಪ ದೂರದಲ್ಲಿ ಏರಿಯಲ್ ಬೇ ಎಂಬ ಪುಟ್ಟ ಬಂದರಿದೆ. ಅಲ್ಲಿಂದ ದಕ್ಷಿಣಕ್ಕೆ ಪೋರ್ಟ್ ಬ್ಲೇರಿನವರೆಗೂ ಪೂರ್ವದ ತೀರವನ್ನು ಬಳಸಿಕೊಂಡು ಹೋಗುವ ಕಡಲಿನ ದಾರಿಯುಂಟು. ಆ ದಾರಿಗಾಗಿ ಯಾರೂ ಒಂದು ಮರವನ್ನೂ ಕಡಿಯಬೇಕಾಗಿಲ್ಲ, ಯಾರ ಅಂಗಳವನ್ನೂ ತುಳಿಯಬೇಕಾಗಿಲ್ಲ.